ಕೇಳಿದವರಿಗೆಲ್ಲ ಕೀಲಿಕೈ

ಆ ಟೂಲ್‌ನ ಹೆಸರು ‘ಪ್ರಿಂಟ್ ಎನ್ವ್’. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ತಾನು ಓಡುತ್ತಿರುವ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೆಲ್ಲ ಸಾಲಾಗಿ ಬರೆದು ಕೇಳಿದವರ ಮುಂದಿಡುವುದು. ಎಐ ಏಜೆಂಟ್‌ಗಳಿಗೆ ಹೊರಗಿನ ಸಾಧನಗಳನ್ನು ಜೋಡಿಸಲೆಂದು ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಪದ್ಧತಿಯನ್ನು ಹೊರತಂದಿತು. ಚಿಕ್ಕದಾಗಿ ಎಂಸಿಪಿ. ಅದನ್ನು ಕಲಿಯುವವರಿಗಾಗಿ ಕೊಟ್ಟ ಮಾದರಿ ಸರ್ವರ್‌ಗಳಲ್ಲಿ ‘ಎವೆರಿಥಿಂಗ್’ ಎಂಬುದೊಂದಿದೆ; ಪದ್ಧತಿಯ ಎಲ್ಲ ಸೌಲಭ್ಯಗಳನ್ನೂ ಪರೀಕ್ಷಿಸಿ ನೋಡಲೆಂದೇ ಕಟ್ಟಿದ್ದು. ಪ್ರಿಂಟ್ ಎನ್ವ್ ಕಾಣಿಸಿಕೊಂಡದ್ದು ಅದರೊಳಗೆ. ಸೆಟ್ಟಿಂಗ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿಕೊಳ್ಳಲು ಉಪಯುಕ್ತ ಎಂದು ಅದರ ವಿವರಣೆಯೇ ಹೇಳುತ್ತಿತ್ತು.

ಉಪಯುಕ್ತವೇನೋ ಹೌದು. ಸರ್ವರ್ ಏಳುತ್ತಿಲ್ಲ, ಡೇಟಾಬೇಸ್ ಸಿಗುತ್ತಿಲ್ಲ ಎಂದಾಗ ಎಂಜಿನಿಯರುಗಳು ಮೊದಲು ಕಣ್ಣು ಹಾಯಿಸುವುದು ಈ ಪಟ್ಟಿಯ ಮೇಲೆಯೇ. ಅದರ ಮೊದಲ ಸಾಲುಗಳು ಸಪ್ಪೆಯಾಗಿರುತ್ತವೆ: ಬಳಕೆದಾರರ ಫೋಲ್ಡರ್ ಎಲ್ಲಿದೆ, ಭಾಷೆ ಯಾವುದು, ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕು. ಸ್ವಲ್ಪ ಕೆಳಗಿಳಿದರೆ ಡೇಟಾಬೇಸ್‌ನ ವಿಳಾಸ ಸಿಗುತ್ತದೆ, ಆ ವಿಳಾಸದೊಳಗೇ ಹೆಣೆದುಕೊಂಡ ಬಳಕೆದಾರರ ಹೆಸರು, ಪಾಸ್‌ವರ್ಡ್. ಇನ್ನೂ ಕೆಳಗೆ ಕ್ಲೌಡ್ ಖಾತೆಯ ರಹಸ್ಯ ಕೀ, ಪೇಮೆಂಟ್ ಗೇಟ್‌ವೇಯ ಕೀ, ಗ್ರಾಹಕರಿಗೆ ಇಮೇಲ್ ಕಳಿಸುವ ಸೇವೆಯ ಟೋಕನ್. ಸಂಸ್ಥೆಯ ಇಡೀ ಕೀಲಿಗೊಂಚಲು ಅಲ್ಲಿ ನೇತಾಡುತ್ತಿರುತ್ತದೆ. ಅದನ್ನು ಪ್ರಿಂಟ್ ಎನ್ವ್ ಎತ್ತಿ ಕೊಡುವುದು ಮನುಷ್ಯರ ಕೈಗಲ್ಲ, ಏಜೆಂಟ್‌ನ ಕೈಗೆ.

ಕೀಲಿಗಳನ್ನು ಅಲ್ಲಿ ನೇತುಹಾಕಿದವರು ಯಾರು, ಯಾಕೆ? ಎನ್ವಿರಾನ್‌ಮೆಂಟ್ ವೇರಿಯಬಲ್ ಹಳೆಯ ಸರಕು. ಬೆಲ್ ಲ್ಯಾಬ್ಸ್‌ನಿಂದ 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಅದು ಬಳಕೆಗೆ ಬಂತು. ಒಂದು ಪ್ರೋಗ್ರಾಂ ಶುರುವಾಗುವಾಗ ಅದರ ಕಿವಿಯಲ್ಲಿ ಹೇಳಿ ಕಳಿಸುವ ನಾಲ್ಕು ಮಾತು ಎನ್ನಬಹುದು: ಒಂದೊಂದಕ್ಕೂ ಒಂದು ಹೆಸರು, ಒಂದು ಬೆಲೆ. ಆ ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸಿದರೆ ಅದೇ ಪಟ್ಟಿಯ ಪ್ರತಿ ಅದಕ್ಕೂ ಬಳುವಳಿಯಾಗಿ ಹೋಗುತ್ತದೆ, ಅದರ ಮಕ್ಕಳಿಗೂ ಹೋಗುತ್ತದೆ. ಬೇಡ ಎಂದು ಯಾರಾದರೂ ತಡೆಯುವ ತನಕ ಹೀಗೇ. ಮುಂದಿನ ಎಲ್ಲ ಅವಾಂತರಗಳ ಬೇರು ಈ ಬಳುವಳಿಯಲ್ಲಿದೆ.

ಆ ದಿನಗಳಲ್ಲಿ ಪಟ್ಟಿಯಲ್ಲಿ ಗುಟ್ಟಿನದೇನೂ ಇರುತ್ತಿರಲಿಲ್ಲ. ಗುಟ್ಟುಗಳು ಬಂದು ಸೇರಿದ್ದು ಒಳ್ಳೆಯ ಉದ್ದೇಶದಿಂದಲೇ. ಎಂಜಿನಿಯರುಗಳು ಪಾಸ್‌ವರ್ಡ್‌ಗಳನ್ನು ನೇರ ಕೋಡ್‌ನೊಳಗೆ ಬರೆದುಬಿಡುತ್ತಿದ್ದರು, ಆ ಕೋಡ್ ಅದನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹೋಗುತ್ತಿತ್ತು, ಅಲ್ಲಿಂದ ಕಳ್ಳರ ಕೈಗೆ. 2016ರಲ್ಲಿ ಊಬರ್ ಕಂಪನಿಯ ಎಂಜಿನಿಯರುಗಳ ಖಾಸಗಿ ಗಿಟ್‌ಹಬ್ ಖಾತೆಗೆ ನುಗ್ಗಿದವರಿಗೆ ಅಮೆಜಾನ್ ಕ್ಲೌಡ್‌ನ ಕೀ ಸಿಕ್ಕಿದ್ದು, ಅದರಿಂದ 5.7 ಕೋಟಿ ಪ್ರಯಾಣಿಕರ ಮತ್ತು ಚಾಲಕರ ವಿವರ ಸೋರಿದ್ದು ಹೀಗೆಯೇ. ಇಂಥದ್ದಕ್ಕೆ ಮದ್ದು ಅದಕ್ಕೂ ಮೊದಲೇ ಸಿದ್ಧವಿತ್ತು. 2011ರಲ್ಲಿ ಹೆರೊಕು ಕಂಪನಿಯವರು ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ಹನ್ನೆರಡು ಸೂತ್ರಗಳನ್ನು ಬರೆದರು. ಅದರ ಮೂರನೆಯ ಸೂತ್ರದ ತಾತ್ಪರ್ಯ ಇಷ್ಟು: ಬದಲಾಗುವ ಸೆಟ್ಟಿಂಗ್‌ಗಳನ್ನು, ಗುಟ್ಟಿನ ಕೀಗಳನ್ನು ಕೋಡ್‌ನಿಂದ ತೆಗೆದು ಎನ್ವಿರಾನ್‌ಮೆಂಟ್‌ನಲ್ಲಿಡಿ, ನಿಮ್ಮ ಕೋಡನ್ನು ಈ ಕ್ಷಣ ಊರಿಗೆಲ್ಲ ಹಂಚಿದರೂ ಒಂದು ಗುಟ್ಟೂ ಹೊರಬೀಳಬಾರದು.

ಜಗತ್ತು ಈ ಮಾತನ್ನು ಒಪ್ಪಿಕೊಂಡಿತು. ಇವತ್ತು ಬೆಂಗಳೂರಿನ ಯಾವ ಸ್ಟಾರ್ಟಪ್‌ಗೆ ಹೋದರೂ ಹೊಸದಾಗಿ ಸೇರಿದವರಿಗೆ ಮೊದಲ ದಿನ ಸಿಗುವುದು ಲ್ಯಾಪ್‌ಟಾಪ್, ಎರಡನೆಯದಾಗಿ ‘ಡಾಟ್ ಎನ್ವ್’ ಎಂಬ ಪುಟ್ಟ ಫೈಲ್. ಕೋಡ್ ಬೇರೆ, ಕೀಲಿ ಬೇರೆ. ವ್ಯವಸ್ಥೆ ಚೆನ್ನಾಗಿಯೇ ಇತ್ತು, ಒಂದು ನಂಬಿಕೆ ಉಳಿದಿರುವ ತನಕ. ಮನೆಯ ಒಳಗೋಡೆಯ ಮೊಳೆಗೆ ಕೀಲಿಗೊಂಚಲು ನೇತುಹಾಕುವವರು ಒಳಗೆ ಓಡಾಡುವವರೆಲ್ಲ ಮನೆಯವರೇ ಎಂದು ನಂಬಿರುತ್ತಾರಲ್ಲ, ಆ ನಂಬಿಕೆ.

ಅದಕ್ಕೆ ಪೆಟ್ಟು ಬೀಳಲು ಎಐ ಬರುವ ತನಕ ಕಾಯಬೇಕಾಗಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಎನ್‌ಪಿಎಂ ಎಂಬ ಕೋಡ್ ಭಂಡಾರದಲ್ಲಿ ‘ಕ್ರಾಸ್‌ಎನ್ವ್’ ಎಂಬ ಪ್ಯಾಕೇಜ್ ಸಿಕ್ಕಿಬಿತ್ತು. ಅಸಲಿ ಪ್ಯಾಕೇಜಿನ ಹೆಸರಿನಲ್ಲಿ ನಡುವೆ ಒಂದು ಅಡ್ಡಗೆರೆ ಇತ್ತು, ನಕಲಿಯಲ್ಲಿ ಇರಲಿಲ್ಲ. ಅವಸರದಲ್ಲಿ ಗೆರೆ ಬಿಟ್ಟು ಟೈಪ್ ಮಾಡಿದವರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಸೀದಾ ಕಳ್ಳನ ಸರ್ವರ್‌ಗೆ ಹೋಗುತ್ತಿದ್ದವು.

ಅದು ಸಣ್ಣ ಕಳ್ಳತನ. ದೊಡ್ಡದು 2021ರ ಜನವರಿ 31ರಂದು ಶುರುವಾಯಿತು. ಅಮೆರಿಕದ ಕೋಡ್‌ಕವ್ ಎಂಬ ಕಂಪನಿ ಪ್ರೋಗ್ರಾಮರ್‌ಗಳಿಗೊಂದು ಸೇವೆ ಕೊಡುತ್ತಿತ್ತು: ಬರೆದ ಕೋಡ್‌ನಲ್ಲಿ ಎಷ್ಟು ಭಾಗ ಪರೀಕ್ಷೆಗೊಳಪಟ್ಟಿದೆ ಎಂದು ಲೆಕ್ಕ ಹಾಕಿ ತೋರಿಸುವುದು. ಅದಕ್ಕಾಗಿ 29 ಸಾವಿರಕ್ಕೂ ಹೆಚ್ಚು ಗ್ರಾಹಕರು ತಮ್ಮ ಸರ್ವರ್‌ಗಳಲ್ಲಿ ಅದರ ಒಂದು ಸ್ಕ್ರಿಪ್ಟನ್ನು ಓಡಿಸುತ್ತಿದ್ದರು. ಕೋಡ್‌ಕವ್‌ನ ‘ಡಾಕರ್ ಇಮೇಜ್’ ಎಂಬ ಸಿದ್ಧ ತಂತ್ರಾಂಶ ಗಂಟಿನ ತಯಾರಿಯಲ್ಲಿದ್ದ ಒಂದು ಲೋಪದಿಂದ ಒಳದಾರಿ ಕಂಡುಕೊಂಡ ಕಳ್ಳರು ಆ ಸ್ಕ್ರಿಪ್ಟ್‌ಗೆ ಒಂದು ಸಾಲು ಸೇರಿಸಿದರು. ಒಂದೇ ಸಾಲು. ಎನ್ವಿರಾನ್‌ಮೆಂಟ್‌ನ ಪಟ್ಟಿಯನ್ನು ಪೂರ್ತಿ ತೆಗೆದು ಹೊರಗಿನ ಒಂದು ವಿಳಾಸಕ್ಕೆ ಕಳಿಸು, ಕಳಿಸಲಾಗದಿದ್ದರೆ ಸುಮ್ಮನೆ ಮುಂದೆ ಸಾಗು ಎಂಬುದು ಅದರ ಅರ್ಥ. ಎರಡು ತಿಂಗಳು ಯಾರಿಗೂ ಸುಳಿವು ಸಿಗಲಿಲ್ಲ. ಏಪ್ರಿಲ್ 1ರಂದು ಒಬ್ಬ ಗ್ರಾಹಕರು ತಾವು ಇಳಿಸಿಕೊಂಡ ಸ್ಕ್ರಿಪ್ಟ್‌ನ ಬೆರಳಚ್ಚು, ಅಂದರೆ ಅದರ ಹ್ಯಾಶ್ ಸಂಖ್ಯೆ, ಕಂಪನಿ ಪ್ರಕಟಿಸಿದ ಸಂಖ್ಯೆಗೆ ತಾಳೆಯಾಗುತ್ತಿಲ್ಲ ಎಂದು ದೂರು ಕೊಟ್ಟಾಗಲೇ ಗುಟ್ಟು ರಟ್ಟಾಯಿತು. ಕ್ಲೌಡ್ ಜಗತ್ತಿನಲ್ಲಿ ಗುಟ್ಟು ಕಾಪಾಡುವ ತಂತ್ರಾಂಶಕ್ಕೇ ಹೆಸರಾದ ಹ್ಯಾಶಿಕಾರ್ಪ್ ಕಂಪನಿ ಕೂಡ ತನ್ನ ಸಹಿಯ ಕೀಯನ್ನು ಬದಲಿಸಬೇಕಾಗಿ ಬಂತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಎಂಬ ದೋಷ ಬಯಲಾಯಿತು. ಜಾವಾ ಪ್ರೋಗ್ರಾಂಗಳ ದಿನಚರಿ ಬರೆದಿಡುವ ಲಾಗ್4ಜೆ ಎಂಬ ಲೈಬ್ರರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಬರೆದುಕೊಳ್ಳಬೇಕಾದ ಸಾಲಿನಲ್ಲಿ ಕೆಲವು ಸಂಕೇತಗಳು ಕಂಡರೆ ಅದನ್ನು ಬರೆಯುವ ಬದಲು ಪಾಲಿಸಿಬಿಡುತ್ತಿತ್ತು. ‘ಎನ್ವಿರಾನ್‌ಮೆಂಟ್‌ನಲ್ಲಿರುವ ಅಮೆಜಾನ್ ಕೀಯನ್ನು ತೆಗೆದು ಈ ವಿಳಾಸದ ಮುಂದೆ ಸೇರಿಸು’ ಎಂಬ ಸಂಕೇತವನ್ನು ಯಾರಾದರೂ ಲಾಗಿನ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೂ ಸಾಕಿತ್ತು. ಹೊರಗಿನವರು ಕೊಟ್ಟ ಅಕ್ಷರಗಳನ್ನು ಒಳಗಿನವರ ಆಜ್ಞೆಯೆಂದು ತಿಳಿಯುವ ಈ ಕಾಯಿಲೆಯನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು, ಯಾಕೆಂದರೆ ಲಾಗ್4ಜೆಯಲ್ಲಿ ಅದು ದೋಷ, ವಾರಗಳಲ್ಲಿ ತೇಪೆ ಬಿತ್ತು. ಎಐ ಏಜೆಂಟ್‌ಗಳಲ್ಲಿ ಅದು ಹುಟ್ಟುಗುಣ.

ಚಾಟ್‌ಬಾಟ್ ಮಾತಾಡುತ್ತದೆ, ಏಜೆಂಟ್ ಕೆಲಸ ಮಾಡುತ್ತದೆ. ‘ನಮ್ಮ ವೆಬ್‌ಸೈಟ್ ಯಾಕೆ ನಿಧಾನ ನೋಡು’ ಎಂದರೆ ಅದು ಫೈಲ್ ತೆರೆದು ಓದುತ್ತದೆ, ಕಮಾಂಡ್ ಓಡಿಸುತ್ತದೆ, ಡೇಟಾಬೇಸ್ ಕೇಳುತ್ತದೆ, ಜಾಲದಲ್ಲಿ ಹುಡುಕುತ್ತದೆ. ಈ ಒಂದೊಂದು ಕೈಚಳಕವೂ ಒಂದು ಟೂಲ್. ಯಾವುದನ್ನು ಯಾವಾಗ ಕರೆಯಬೇಕೆಂದು ತೀರ್ಮಾನಿಸುವುದು ಭಾಷಾ ಮಾಡೆಲ್. ಆ ಮಾಡೆಲ್ ಸಾಮಾನ್ಯವಾಗಿ ಏಜೆಂಟ್ ಇರುವ ಯಂತ್ರದಲ್ಲಿರುವುದಿಲ್ಲ, ದೂರದ ಕಂಪನಿಯೊಂದರ ಸರ್ವರ್‌ನಲ್ಲಿರುತ್ತದೆ. ಟೂಲ್ ಕೊಟ್ಟ ಉತ್ತರ ಅಲ್ಲಿಗೆ ಹೋಗಬೇಕು. ಒಮ್ಮೆ ಹೋದರೆ ಮುಗಿಯಿತೆಂದೂ ಇಲ್ಲ: ಮಾಡೆಲ್‌ಗೆ ತನ್ನದೇ ನೆನಪಿಲ್ಲವಾದ್ದರಿಂದ ಪ್ರತಿ ಹೊಸ ಪ್ರಶ್ನೆಯ ಜೊತೆ ಇದುವರೆಗಿನ ಸಂಭಾಷಣೆಯನ್ನು ಮೊದಲಿನಿಂದ ಮತ್ತೆ ಕಳಿಸಲಾಗುತ್ತದೆ. ಹತ್ತು ಗಂಟೆಗೆ ಪ್ರಿಂಟ್ ಎನ್ವ್ ತೆಗೆದುಕೊಟ್ಟ ಡೇಟಾಬೇಸ್ ಪಾಸ್‌ವರ್ಡ್, ಹತ್ತೂವರೆಗೆ ಯಾರೋ ‘ಬಟನ್‌ನ ಬಣ್ಣ ನೀಲಿ ಮಾಡು’ ಎಂದಾಗಲೂ ಜಾಲದ ಮೇಲೆ ಇನ್ನೊಮ್ಮೆ ಪಯಣಿಸುತ್ತದೆ.

ಇಷ್ಟರಲ್ಲಿ ಕಳ್ಳ ಇನ್ನೂ ಬಂದೇ ಇಲ್ಲ. ಕಳ್ಳನಿಲ್ಲದೆಯೂ ಆ ಪಾಸ್‌ವರ್ಡ್ ಚಾಟ್‌ನ ಇತಿಹಾಸದಲ್ಲಿ ಉಳಿಯಿತು, ಏಜೆಂಟ್‌ನ ಲಾಗ್ ಫೈಲ್‌ನಲ್ಲಿ ಉಳಿಯಿತು, ದೋಷ ತೋರಿಸಲು ಸಹೋದ್ಯೋಗಿಗೆ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲೂ ಉಳಿಯಿತು. ಮೊಳೆಯ ಮೇಲೆ ಒಂದೇ ಕಡೆ ಇದ್ದ ಕೀಲಿಗೆ ಈಗ ನಾಲ್ಕಾರು ನಕಲು, ಯಾವುದು ಎಲ್ಲಿದೆ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ.

ಎಂಸಿಪಿ ಕಟ್ಟಿದವರು ಈ ಬಗ್ಗೆ ಯೋಚಿಸದೆ ಇದ್ದವರಲ್ಲ. ಅವರ ಅಧಿಕೃತ ಕೋಡ್ ಕಿಟ್ ಬಳಸಿ ಸ್ವಂತ ಯಂತ್ರದಲ್ಲೇ ಒಂದು ಟೂಲ್ ಸರ್ವರ್ ಎಬ್ಬಿಸಿದರೆ ಅದಕ್ಕೆ ಪೂರ್ತಿ ಪಟ್ಟಿ ಬಳುವಳಿಯಾಗಿ ಹೋಗುವುದಿಲ್ಲ; ಬಳಕೆದಾರರ ಹೆಸರು, ಫೋಲ್ಡರ್, ಶೆಲ್ ಇಂಥ ಕೆಲವು ನಿರುಪದ್ರವಿ ಸಾಲುಗಳಷ್ಟೇ ಹೋಗುತ್ತವೆ. ಉಳಿದದ್ದನ್ನು ಹೆಸರಿಸಿ ಕೊಡಬೇಕು. ಇದು ಮೆಚ್ಚತಕ್ಕ ಎಚ್ಚರ. ಆದರೆ ಅದೇ ಟೂಲ್ ದೂರದ ಸರ್ವರ್‌ನಲ್ಲಿ ಕೂತು ಜಾಲದ ಮೂಲಕ ಸೇವೆ ಕೊಡುವಾಗ ಈ ಜರಡಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಎನ್ವಿರಾನ್‌ಮೆಂಟ್ ಆ ಸರ್ವರ್‌ನದು, ಅದನ್ನು ನಡೆಸುವವರ ಗುಟ್ಟುಗಳೆಲ್ಲ ಅಲ್ಲಿರುತ್ತವೆ. ಪರೀಕ್ಷೆಗೆಂದು ಬರೆದ ಪ್ರಿಂಟ್ ಎನ್ವ್‌ನಂಥ ಟೂಲ್ ಮಾದರಿ ಕೋಡ್‌ನಿಂದ ನಕಲಾಗಿ ಅಂಥ ಸರ್ವರ್‌ಗೆ ಬಂದು ಸೇರಿ, ತೆಗೆಯುವುದು ಮರೆತುಹೋದರೆ, ಸೇವೆ ಬಳಸುವ ಯಾರು ಬೇಕಾದರೂ ‘ನಿನ್ನ ಎನ್ವಿರಾನ್‌ಮೆಂಟ್ ತೋರಿಸು’ ಎನ್ನಬಹುದು. ಪಿಎಚ್‌ಪಿ ಕಾಲದವರಿಗೆ ಇದು ಹೊಸತೆನ್ನಿಸದು. ಸರ್ವರ್‌ನ ಜಾತಕವನ್ನೆಲ್ಲ ತೋರಿಸುವ ‘ಪಿಎಚ್‌ಪಿ ಇನ್ಫೋ’ ಪುಟವನ್ನು ಪರೀಕ್ಷೆಗೆಂದು ಹಾಕಿ, ತೆಗೆಯಲು ಮರೆತು, ಲೋಕಕ್ಕೆಲ್ಲ ತೆರೆದಿಟ್ಟ ವೆಬ್‌ಸೈಟ್‌ಗಳಿಗೆ ಯಾವತ್ತೂ ಬರವಿರಲಿಲ್ಲ.

ಹಾಗಾದರೆ ಆ ಒಂದು ಟೂಲ್ ತೆಗೆದುಹಾಕಿದರೆ ಮುಗಿಯಿತೆ? ಕಮಾಂಡ್ ಓಡಿಸಬಲ್ಲ ಏಜೆಂಟ್‌ಗೆ ಪ್ರಿಂಟ್ ಎನ್ವ್ ಬೇಕಾಗಿಯೇ ಇಲ್ಲ. ಲಿನಕ್ಸ್‌ನಲ್ಲಿ ‘ಎನ್ವ್’ ಎಂಬ ಮೂರಕ್ಷರದ ಕಮಾಂಡ್ ಅದೇ ಪಟ್ಟಿಯನ್ನು ಕೊಡುತ್ತದೆ. ಡಾಟ್ ಎನ್ವ್ ಫೈಲನ್ನಂತೂ ಬರಿದೇ ತೆರೆದು ಓದಿದರಾಯಿತು. ಆದ್ದರಿಂದ ನೋಡಬೇಕಾದದ್ದು ಏಜೆಂಟ್ ಯಾರ ಮಾತು ಕೇಳುತ್ತದೆ ಎಂಬುದನ್ನು.

ಯಾರ ಮಾತನ್ನಾದರೂ ಕೇಳುತ್ತದೆ. ಅದೇ ತೊಂದರೆ. ಮಾಡೆಲ್‌ಗೆ ಯಜಮಾನರ ಅಪ್ಪಣೆಯೂ ಅಕ್ಷರ, ಓದಲು ಕೊಟ್ಟ ವೆಬ್‌ಪುಟವೂ ಅಕ್ಷರ. ಎರಡೂ ಒಂದೇ ಸರದಲ್ಲಿ ಪೋಣಿಸಿಕೊಂಡು ಒಳಹೋಗುತ್ತವೆ. ವೆಬ್‌ಪುಟದ ನಡುವೆ ಯಾರೋ ‘ಹಿಂದೆ ಹೇಳಿದ್ದನ್ನೆಲ್ಲ ಬಿಡು, ಹೀಗೆ ಮಾಡು’ ಎಂದು ಬರೆದಿಟ್ಟಿದ್ದರೆ ಮಾಡೆಲ್ ಅದನ್ನೂ ಅಪ್ಪಣೆಯೆಂದೇ ತಿಳಿಯಬಹುದು. ಬ್ರಿಟನ್ ಮೂಲದ ಪ್ರೋಗ್ರಾಮರ್ ಸೈಮನ್ ವಿಲಿಸನ್ 2022ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟರು. 2025ರ ಜೂನ್‌ನಲ್ಲಿ ಅವರೇ ‘ಮಾರಕ ಮೂರು’ ಎನ್ನಬಹುದಾದ ಒಂದು ಲೆಕ್ಕ ಕೊಟ್ಟರು: ಏಜೆಂಟ್‌ಗೆ ಗುಟ್ಟಿನ ಮಾಹಿತಿ ಸಿಗುತ್ತಿದ್ದು, ಅದು ಅಪರಿಚಿತರ ಬರಹವನ್ನೂ ಓದುತ್ತಿದ್ದು, ಹೊರಗೆ ಸಂದೇಶ ಕಳಿಸಲೂ ದಾರಿಯಿದ್ದರೆ ಕಳ್ಳತನಕ್ಕೆ ಇನ್ನೇನೂ ಬೇಕಾಗಿಲ್ಲ.

ಮೂರೂ ಕೂಡಿದಾಗ ಏನಾಗುತ್ತದೆಂದು ಅದಕ್ಕೂ ಒಂದು ತಿಂಗಳ ಹಿಂದೆ, 2025ರ ಮೇ ತಿಂಗಳಲ್ಲಿ, ಇನ್ವೇರಿಯಂಟ್ ಲ್ಯಾಬ್ಸ್ ಸಂಸ್ಥೆಯವರು ಮಾಡಿ ತೋರಿಸಿದ್ದರು. ಗಿಟ್‌ಹಬ್‌ನ ಎಂಸಿಪಿ ಸರ್ವರ್ ಜೋಡಿಸಿಕೊಂಡ ಏಜೆಂಟ್‌ಗೆ ಯಜಮಾನರು ‘ನನ್ನ ಸಾರ್ವಜನಿಕ ಪ್ರಾಜೆಕ್ಟ್‌ಗೆ ಬಂದ ದೂರುಗಳನ್ನು ನೋಡು’ ಎನ್ನುತ್ತಾರೆ. ಆ ದೂರುಗಳಲ್ಲಿ ಒಂದನ್ನು ಬರೆದವನು ಕಳ್ಳ. ಏಜೆಂಟ್ ಅದನ್ನು ಓದಿ, ಅದರಲ್ಲಿ ಹೇಳಿದಂತೆ ಯಜಮಾನರ ಖಾಸಗಿ ಪ್ರಾಜೆಕ್ಟ್‌ಗಳ ವಿವರ ತೆಗೆದು ಸಾರ್ವಜನಿಕ ಜಾಗದಲ್ಲಿ ಬರೆದುಬಿಡುತ್ತದೆ. ಗಿಟ್‌ಹಬ್‌ನ ಒಂದು ಬೀಗವೂ ಮುರಿದಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆ ಇಲ್ಲಿ ನಾಲಿಗೆಯ ತುದಿಗೆ ಬರುತ್ತದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಈ ಬೇಲಿಗೆ ಹೊಟ್ಟೆಬಾಕತನವಿಲ್ಲ. ದಾರಿಹೋಕನೊಬ್ಬ ‘ಮೇಯಿ’ ಎಂದ, ಮೇಯಿತು.

ಇಂಥ ಪ್ರಯೋಗಗಳನ್ನು ವ್ರತದಂತೆ ನಡೆಸಿದವರು ಯೋಹಾನ್ ರೇಬರ್ಗರ್ ಎಂಬ ಭದ್ರತಾ ಸಂಶೋಧಕರು. 2025ರ ಆಗಸ್ಟ್ ತಿಂಗಳನ್ನು ಅವರು ಎಐ ದೋಷಗಳ ತಿಂಗಳೆಂದು ಘೋಷಿಸಿ ಒಂದರ ಹಿಂದೊಂದು ವರದಿ ಪ್ರಕಟಿಸಿದರು. ಅದರಲ್ಲಿ ಆಂಥ್ರೊಪಿಕ್‌ನದೇ ಕೋಡ್ ಬರೆಯುವ ಏಜೆಂಟ್ ಕ್ಲಾಡ್ ಕೋಡ್‌ನ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು. ಆ ಏಜೆಂಟ್ ಅಪಾಯಕಾರಿ ಕಮಾಂಡ್ ಓಡಿಸುವ ಮೊದಲು ಬಳಕೆದಾರರ ಒಪ್ಪಿಗೆ ಕೇಳುತ್ತದೆ. ಆದರೆ ನಿರಪಾಯ ಎನಿಸಿದ ಕೆಲವು ಕಮಾಂಡ್‌ಗಳಿಗೆ ಒಪ್ಪಿಗೆ ಬೇಕಿರಲಿಲ್ಲ, ಆ ಸಾಲಿನಲ್ಲಿ ‘ಪಿಂಗ್’ ಇತ್ತು. ಒಂದು ಸರ್ವರ್ ಜೀವಂತವಾಗಿದೆಯೇ ಎಂದು ಕೂಗಿ ನೋಡುವ ಬಡಪಾಯಿ ಕಮಾಂಡ್ ಅದು, ಅದರಿಂದೇನು ಹಾನಿ?

ಹಾನಿ ಹೆಸರಿನೊಳಗೆ ಅಡಗಿತ್ತು. ಪಿಂಗ್ ಮಾಡಬೇಕಾದರೆ ಮೊದಲು ಆ ಹೆಸರಿನ ಸರ್ವರ್ ಎಲ್ಲಿದೆ ಎಂದು ಡಿಎನ್ಎಸ್ ಎಂಬ ಅಂತರಜಾಲದ ವಿಳಾಸ ಪುಸ್ತಕವನ್ನು ಕೇಳಬೇಕು. ಹೆಸರಿನ ಕೊನೆಯ ಭಾಗ ಕಳ್ಳನ ಜಾಲತಾಣದ್ದಾದರೆ ಆ ಪ್ರಶ್ನೆ ಕೈಯಿಂದ ಕೈಗೆ ದಾಟಿ ಕಳ್ಳನದೇ ಸರ್ವರ್‌ಗೆ ತಲುಪುತ್ತದೆ. ಹೆಸರಿನ ಮೊದಲ ಭಾಗದಲ್ಲಿ ಡಾಟ್ ಎನ್ವ್ ಫೈಲಿನಿಂದ ತೆಗೆದ ಕೀಯನ್ನು ಅಂಟಿಸಿದ್ದರೆ? ವಿಳಾಸ ಕೇಳಿದ್ದೇ ಗುಟ್ಟು ಹೇಳಿದಂತಾಯಿತು. ಆ ಸರ್ವರ್ ಉತ್ತರಿಸಬೇಕಾಗಿಯೂ ಇಲ್ಲ. ರೇಬರ್ಗರ್ ಒಂದು ಕೋಡ್ ಫೈಲ್‌ನಲ್ಲಿ ಇಂಥ ಸೂಚನೆ ಬರೆದಿಟ್ಟು, ಆ ಫೈಲನ್ನು ಪರಿಶೀಲಿಸು ಎಂದಷ್ಟೇ ಹೇಳಿ, ಏಜೆಂಟ್‌ನಿಂದಲೇ ಕೀಯನ್ನು ಹೊರಗೆ ತರಿಸಿದರು. ಲಾಗ್4ಶೆಲ್ ಕಾಲದ ಕಳ್ಳರು ನಡೆದದ್ದೂ ಇದೇ ಕಾಲುದಾರಿಯಲ್ಲಿ. ಪ್ರಕಟಣೆಗೆ ಮೊದಲೇ, ಜೂನ್‌ನಲ್ಲೇ, ಆಂಥ್ರೊಪಿಕ್ ಆ ಕಂಡಿಯನ್ನು ಮುಚ್ಚಿತ್ತು. ಡೆವಿನ್ ಎಂಬ ಇನ್ನೊಂದು ಹೆಸರಾಂತ ಕೋಡಿಂಗ್ ಏಜೆಂಟ್‌ನ ಬಗ್ಗೆಯೂ ರೇಬರ್ಗರ್ ಆ ಆಗಸ್ಟ್‌ನಲ್ಲೇ ಬರೆದರು: ಕಮಾಂಡ್ ಓಡಿಸುವ ಟೂಲ್‌ನಿಂದಲೂ ಬ್ರೌಸರ್‌ನಿಂದಲೂ ಅದರ ಎನ್ವಿರಾನ್‌ಮೆಂಟ್‌ನ ಗುಟ್ಟುಗಳನ್ನು ಹೊರಸಾಗಿಸಬಹುದಿತ್ತು.

ಆ ವರ್ಷದ ಕೊನೆಗೆ ಇನ್ನೂ ಸೂಕ್ಷ್ಮವಾದ ಒಂದು ಕಂಡಿ ಬೆಳಕಿಗೆ ಬಂತು. ಏಜೆಂಟ್‌ಗಳನ್ನು ಕಟ್ಟುವವರಲ್ಲಿ ಲ್ಯಾಂಗ್‌ಚೈನ್ ಎಂಬ ಕೋಡ್ ಕಿಟ್ ಗೊತ್ತಿಲ್ಲದವರು ಕಡಿಮೆ. ಅದರ ತಿರುಳು ಲೈಬ್ರರಿಯಲ್ಲಿದ್ದ ದೋಷವನ್ನು 2025ರ ಡಿಸೆಂಬರ್‌ನಲ್ಲಿ ಸಯಾಟಾ ಎಂಬ ಸಂಸ್ಥೆಯವರು ವಿವರಿಸಿದರು. ಅಪಾಯದ ಅಂಕ ಹತ್ತಕ್ಕೆ 9.3. ಕ್ರಿಸ್ಮಸ್ ಹೊತ್ತಿಗೆ ಸಿಕ್ಕಿದ್ದಕ್ಕೋ ಏನೋ, ಹಬ್ಬ ಕೆಡಿಸುವ ಪಾತ್ರದ ನೆನಪಿನಲ್ಲಿ ಅದಕ್ಕೆ ‘ಲ್ಯಾಂಗ್‌ಗ್ರಿಂಚ್’ ಎಂದು ಹೆಸರಾಯಿತು. ಏಜೆಂಟ್‌ನ ಸಂಭಾಷಣೆಯನ್ನು ಗಂಟುಕಟ್ಟಿ ಇಟ್ಟು ಆಮೇಲೆ ಬಿಚ್ಚಿಕೊಳ್ಳುವ ವ್ಯವಸ್ಥೆ ಲ್ಯಾಂಗ್‌ಚೈನ್‌ನಲ್ಲಿದೆ. ಗಂಟಿನಲ್ಲಿ ಪಾಸ್‌ವರ್ಡ್ ಇರಬಾರದೆಂಬ ಜಾಣತನದಿಂದ ಅದರ ಜಾಗದಲ್ಲಿ ‘ಇಲ್ಲೊಂದು ಗುಟ್ಟಿತ್ತು, ಹೆಸರು ಇಂಥದ್ದು’ ಎಂಬ ಚೀಟಿಯನ್ನು ಮಾತ್ರ ಇಡುತ್ತಿದ್ದರು. ಬಿಚ್ಚುವಾಗ ಆ ಹೆಸರಿನ ಕೀಯನ್ನು ಎನ್ವಿರಾನ್‌ಮೆಂಟ್‌ನಿಂದ ತಂದು ತುಂಬಿಕೊಳ್ಳುವುದು ರೂಢಿ. ಆದರೆ ಚೀಟಿ ತಾವು ಬರೆದದ್ದೋ ಹೊರಗಿನವರು ಬರೆದು ತುರುಕಿದ್ದೋ ಎಂದು ಗಂಟುಕಟ್ಟುವ ಕೋಡ್ ನೋಡುತ್ತಿರಲಿಲ್ಲ. ಮಾಡೆಲ್‌ನ ಉತ್ತರದೊಳಗೆ ಅಂಥದೇ ಆಕಾರದ ಸುಳ್ಳು ಚೀಟಿ ಬರುವಂತೆ ಪುಸಲಾಯಿಸಿದರೆ ಸಾಕು, ಬಿಚ್ಚುವಾಗ ಅಸಲಿ ಕೀ ತಾನಾಗಿ ಬಂದು ಕೂರುತ್ತಿತ್ತು. ಎನ್ವಿರಾನ್‌ಮೆಂಟ್‌ನಿಂದ ತಂದುಕೊಡುವ ಈ ಸೌಲಭ್ಯ ಹುಟ್ಟಿನಿಂದಲೇ ಚಾಲೂ ಇತ್ತು. ದುರಸ್ತಿಯಲ್ಲಿ ಅದನ್ನು ಬಂದ್ ಸ್ಥಿತಿಗೆ ತಂದರು. ಗುಟ್ಟು ಕಾಪಾಡಲೆಂದು ಮಾಡಿದ ಏರ್ಪಾಡೇ ಗುಟ್ಟು ಹೊರಹೋಗುವ ಕಿಟಕಿಯಾಯಿತು ಎಂಬುದು ಈ ಪ್ರಕರಣದ ಸ್ವಾರಸ್ಯ. ಎಂಜಿನಿಯರುಗಳಿಗೆ ಅದರಲ್ಲಿ ಸ್ವಾರಸ್ಯ ಕಂಡಿರಲಾರದು.

ಇವೆಲ್ಲ ಸಂಶೋಧಕರು ಮೊದಲು ಕಂಡು ಎಚ್ಚರಿಸಿದ ಸಂಗತಿಗಳು. ಅಸಲಿ ಕಳ್ಳರು ಏಜೆಂಟ್‌ಗಳನ್ನು ಬಳಸಿಕೊಂಡ ಒಂದು ಪ್ರಕರಣ 2025ರ ಆಗಸ್ಟ್ 26ರದು. ವಾರಕ್ಕೆ 40 ಲಕ್ಷಕ್ಕೂ ಹೆಚ್ಚು ಸಲ ಇಳಿಸಿಕೊಳ್ಳಲಾಗುತ್ತಿದ್ದ ‘ಎನ್ಎಕ್ಸ್’ ಎಂಬ ಪ್ಯಾಕೇಜಿನ ವಿಷಪೂರಿತ ಆವೃತ್ತಿಗಳು ಅಂದು ಎನ್‌ಪಿಎಂ ಭಂಡಾರ ಸೇರಿದವು, ಐದು ಗಂಟೆಯ ಮೇಲೆ ಅಲ್ಲೇ ಇದ್ದವು. ಇನ್‌ಸ್ಟಾಲ್ ಮಾಡಿದ ಕ್ಷಣ ಅದರ ಸ್ಕ್ರಿಪ್ಟ್ ಎದ್ದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಬಾಚಿಕೊಳ್ಳುತ್ತಿತ್ತು. ಇಷ್ಟು ಹಳೆಯ ವಿದ್ಯೆ. ಹೊಸತು ಆಮೇಲಿನದು. ಆ ಯಂತ್ರದಲ್ಲಿ ಕ್ಲಾಡ್, ಜೆಮಿನಿ ಅಥವಾ ಅಮೆಜಾನ್ ಕ್ಯೂ ಏಜೆಂಟ್ ಇದೆಯೇ ಎಂದು ಅದು ಹುಡುಕುತ್ತಿತ್ತು. ಇದ್ದರೆ, ಒಪ್ಪಿಗೆ ಕೇಳದೆ ಕೆಲಸ ಮಾಡು ಎಂಬ ಸ್ವಿಚ್ಚನ್ನು ಹಾಕಿ ಆ ಏಜೆಂಟನ್ನೇ ಎಬ್ಬಿಸಿ, ಡಿಸ್ಕನ್ನೆಲ್ಲ ಜಾಲಾಡಿ ಡಾಟ್ ಎನ್ವ್ ಫೈಲ್‌ಗಳು, ಕೀಗಳು, ಕ್ರಿಪ್ಟೊ ವಾಲೆಟ್‌ಗಳು ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡು ಎಂದು ಸಾದಾ ಇಂಗ್ಲಿಷ್‌ನಲ್ಲಿ ಹೇಳುತ್ತಿತ್ತು. ಕಳ್ಳ ಕೈಯಲ್ಲಿ ಹಾರೆ ಹಿಡಿದು ಬರಲಿಲ್ಲ, ಮನೆಯಾಳಿಗೆ ಕೆಲಸ ಹೇಳಿದ. ಕೆಲವು ಏಜೆಂಟ್‌ಗಳು ಇದು ಸರಿಯಲ್ಲ ಎಂದು ನಿರಾಕರಿಸಿದ್ದೂ ಉಂಟು, ಎಲ್ಲವೂ ನಿರಾಕರಿಸಲಿಲ್ಲ. ಕದ್ದ ಮಾಲನ್ನು ಬಲಿಯಾದವರದೇ ಗಿಟ್‌ಹಬ್ ಖಾತೆಯಲ್ಲಿ, ಎಲ್ಲರಿಗೂ ಕಾಣುವಂತೆ, ಹೊಸ ಫೋಲ್ಡರ್ ತೆರೆದು ಸುರಿಯಲಾಗಿತ್ತು. ಗಿಟ್‌ಗಾರ್ಡಿಯನ್ ಸಂಸ್ಥೆ ಅದರಲ್ಲಿ 2,349 ಗುಟ್ಟುಗಳನ್ನು ಎಣಿಸಿತು.

ಇಷ್ಟೆಲ್ಲ ಕದ್ದು ಮಾಡುವುದೇನು? ಕ್ಲೌಡ್ ಕೀ ಸಿಕ್ಕರೆ ಡೇಟಾ ಎತ್ತಿಕೊಂಡು ಹೋಗಿ ಹಣ ಕೇಳುವುದು ಒಂದು ದಾರಿ. ವೆಬ್‌ಸೈಟ್‌ಗಳಲ್ಲಿ ಬಯಲಿಗೆ ಬಿದ್ದಿದ್ದ ಡಾಟ್ ಎನ್ವ್ ಫೈಲ್‌ಗಳನ್ನು ಹೆಕ್ಕಿ ಹೀಗೆ ಸುಲಿಗೆ ಮಾಡುತ್ತಿದ್ದ ಗುಂಪೊಂದನ್ನು ಪಾಲೊ ಆಲ್ಟೊ ಕಂಪನಿಯ ಯುನಿಟ್ 42 ತಂಡ 2024ರ ಆಗಸ್ಟ್‌ನಲ್ಲಿ ಬಯಲು ಮಾಡಿತು. 1 ಲಕ್ಷ 10 ಸಾವಿರ ಡೊಮೇನ್‌ಗಳು ಅದರ ಗುರಿಯಾಗಿದ್ದವು. ಇನ್ನೊಂದು ದಾರಿ ತೀರಾ ಈಚಿನದು. ಕದ್ದ ಕೀಯಿಂದ ಬೇರೆಯವರ ಲೆಕ್ಕದಲ್ಲಿ ದುಬಾರಿ ಭಾಷಾ ಮಾಡೆಲ್‌ಗಳನ್ನು ಬಳಸುವುದು, ಬಳಕೆಯನ್ನು ಮಾರುವುದು. 2024ರ ಮೇ ತಿಂಗಳಲ್ಲಿ ಇದಕ್ಕೆ ‘ಎಲ್ಎಲ್ಎಂ ಜ್ಯಾಕಿಂಗ್’ ಎಂದು ಹೆಸರಿಟ್ಟ ಸಿಸ್‌ಡಿಗ್ ಕಂಪನಿಯ ಅಂದಾಜಿನಲ್ಲಿ ಬಲಿಯಾದವರಿಗೆ ಒಂದು ದಿನದ ಬಿಲ್ಲು 46 ಸಾವಿರ ಡಾಲರ್ ದಾಟಬಹುದು.

ಕೀಯೊಂದು ಎಷ್ಟು ಕಾಲ ಅಪಾಯ ಹೊತ್ತು ಕೂತಿರಬಲ್ಲುದು ಎಂಬುದಕ್ಕೆ ಬೆಂಗಳೂರಿನ ಒಂದು ಉದಾಹರಣೆ ಸಾಕು, ಅದು ಏಜೆಂಟ್‌ಗಳ ಕಾಲಕ್ಕಿಂತ ಹಿಂದಿನದಾದರೂ. ಆನ್‌ಲೈನ್ ಪಾವತಿಗಳನ್ನು ನಿಭಾಯಿಸುವ ಜಸ್‌ಪೇ ಕಂಪನಿಯ ಡೇಟಾಕ್ಕೆ 2020ರ ಆಗಸ್ಟ್‌ನಲ್ಲಿ ಕನ್ನ ಬಿತ್ತು. ಸುದ್ದಿ ಹೊರಬಿದ್ದದ್ದು ಮುಂದಿನ ಜನವರಿಯಲ್ಲಿ. ಬದಲಿಸದೆ ಉಳಿದಿದ್ದ ಹಳೆಯ ಅಮೆಜಾನ್ ಕ್ಲೌಡ್ ಕೀ ಕಳ್ಳರಿಗೆ ದಾರಿಯಾಯಿತು ಎಂದು ಕಂಪನಿಯೇ ಹೇಳಿಕೊಂಡಿತು. ಪೂರ್ತಿ ಕಾರ್ಡ್ ಸಂಖ್ಯೆಗಳು ಹೋಗಿರಲಿಲ್ಲ. ಅಂಕಿಗಳನ್ನು ಮರೆಮಾಚಿದ ಕಾರ್ಡ್ ವಿವರಗಳ ಸುಮಾರು 3.5 ಕೋಟಿ ದಾಖಲೆಗಳು ಹೋಗಿದ್ದವು. ಈಗಾಗಿದ್ದರೆ ತಿಂಗಳುಗಟ್ಟಲೆ ಸುಮ್ಮನಿರುವ ಅವಕಾಶವಿರುತ್ತಿರಲಿಲ್ಲ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಏಜೆಂಟ್ ಮಾಡಿದ್ದು, ನಾವಲ್ಲ ಎಂದು ಹೇಳಿ ಜಾರಿಕೊಳ್ಳಲು ಕಾಯ್ದೆಯಲ್ಲಿ ಜಾಗ ಕಾಣುವುದಿಲ್ಲ.

ಮಾಡಬೇಕಾದದ್ದು ನಿಗೂಢವೇನಲ್ಲ, ಬೇಸರದ ಕೆಲಸ ಅಷ್ಟೆ. ‘ಗುಟ್ಟುಗಳನ್ನು ಯಾರಿಗೂ ಹೇಳಬೇಡ’ ಎಂದು ಏಜೆಂಟ್‌ಗೆ ಬುದ್ಧಿ ಹೇಳಿ ನೆಮ್ಮದಿಯಾಗಿರುವವರಿದ್ದಾರೆ. ಆ ಬುದ್ಧಿಮಾತು ಕೂಡ ಸರದಲ್ಲಿ ಇನ್ನೊಂದು ಮಣಿ. ಮುಂದೆ ಯಾರೋ ಪೋಣಿಸುವ ಮಣಿ ಅದನ್ನು ಮೀರಬಹುದು. ಗಟ್ಟಿ ಉಪಾಯವೆಂದರೆ ಕೀಲಿ ಏಜೆಂಟ್‌ನ ಕಣ್ಣಿಗೇ ಬೀಳದಂತೆ ನೋಡಿಕೊಳ್ಳುವುದು. ಏಜೆಂಟನ್ನು ಖಾಲಿ ಎನ್ವಿರಾನ್‌ಮೆಂಟ್ ಇರುವ ಪ್ರತ್ಯೇಕ ಕಂಟೇನರ್‌ನಲ್ಲಿ ಕೂರಿಸುತ್ತಾರೆ. ಅದು ಪೇಮೆಂಟ್ ಗೇಟ್‌ವೇಗೆ ಏನಾದರೂ ಕೇಳಬೇಕಾದರೆ ಕೀ ಇಲ್ಲದ ಕೋರಿಕೆಯನ್ನು ನಡುವಿನ ಒಂದು ಪ್ರಾಕ್ಸಿಗೆ ಕೊಡುತ್ತದೆ, ಕೀ ಹಚ್ಚಿ ಮುಂದೆ ಕಳಿಸುವುದು ಪ್ರಾಕ್ಸಿಯ ಕೆಲಸ. ಏಜೆಂಟನ್ನು ಎಷ್ಟೇ ಪುಸಲಾಯಿಸಿದರೂ ಇಲ್ಲದ್ದನ್ನು ಅದು ಕೊಡಲಾರದು. ಪ್ರಾಕ್ಸಿಯ ಮೂಲಕ ಬೇಡದ ಕೆಲಸ ಮಾಡಿಸುವ ದಾರಿ ಆಗಲೂ ಉಳಿಯುತ್ತದೆ, ಹಾಗಾಗಿ ಆ ಕೀಗೆ ಕೊಟ್ಟ ಅಧಿಕಾರವೂ ಕೆಲಸಕ್ಕೆ ತಕ್ಕಷ್ಟೇ ಇರಬೇಕು: ಓದುವ ಕೆಲಸಕ್ಕೆ ಓದುವ ಕೀ, ಅಳಿಸುವ ಅಧಿಕಾರ ಬೇಡ. ವರ್ಷಗಟ್ಟಲೆ ಬಾಳುವ ಕೀಗಳ ಬದಲು ಗಂಟೆಯೊಳಗೆ ಸಾಯುವ ತಾತ್ಕಾಲಿಕ ಟೋಕನ್‌ಗಳನ್ನು ದೊಡ್ಡ ಕ್ಲೌಡ್ ಕಂಪನಿಗಳೆಲ್ಲ ಕೊಡುತ್ತವೆ. ಏಜೆಂಟ್ ಹೊರಗೆ ಮಾತಾಡಬಹುದಾದ ವಿಳಾಸಗಳನ್ನು ಬೆರಳೆಣಿಕೆಗೆ ಇಳಿಸುವುದು ಇನ್ನೊಂದು ಕಟ್ಟು, ಡಿಎನ್ಎಸ್ ಪ್ರಶ್ನೆಗಳನ್ನೂ ಆ ಕಟ್ಟಿನೊಳಗೆ ತಂದರೆ ಮಾತ್ರ. ಸಣ್ಣ ಅಂಗಡಿ ನಡೆಸುವವರು, ಇಬ್ಬರು ಮೂವರ ಕಚೇರಿಯವರು ಇಷ್ಟೆಲ್ಲ ಮಾಡಲಾಗದಿದ್ದರೂ ಕೀಗಳನ್ನು ಚಾಟ್‌ನಲ್ಲಿ ಅಂಟಿಸದೆ ಇರಬಹುದು, ಅಂಟಿಸಿಬಿಟ್ಟಿದ್ದರೆ ಅದೇ ದಿನ ಬದಲಿಸಬಹುದು.

ಭದ್ರತಾ ತಂಡಗಳು ಮಾಡುವ ಇನ್ನೊಂದು ಕಿಲಾಡಿ ಕೆಲಸವಿದೆ. ನಿಜವಾದ ಕೀಗಳನ್ನು ತೆಗೆದಮೇಲೆ ಎನ್ವಿರಾನ್‌ಮೆಂಟ್‌ನಲ್ಲಿ ಒಂದು ಸುಳ್ಳು ಕೀಯನ್ನು ಬೇಕೆಂದೇ ಬಿಡುತ್ತಾರೆ. ದಕ್ಷಿಣ ಆಫ್ರಿಕಾದ ಥಿಂಕ್ಸ್ಟ್ ಕಂಪನಿ ನಡೆಸುವ ‘ಕ್ಯಾನರಿ ಟೋಕನ್ಸ್’ ಎಂಬ ಉಚಿತ ಸೇವೆಯಲ್ಲಿ ಇಂಥ ಅಮೆಜಾನ್ ಕೀಯನ್ನು ಎರಡು ನಿಮಿಷದಲ್ಲಿ ಪಡೆಯಬಹುದು. ನೋಡಲು ಅಸಲಿಯಂತೆಯೇ ಇರುತ್ತದೆ, ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಅದನ್ನು ಬಳಸಬೇಕಾದ ಪ್ರೋಗ್ರಾಂ ಜಗತ್ತಿನಲ್ಲಿ ಒಂದೂ ಇಲ್ಲವಾದ್ದರಿಂದ ಯಾರಾದರೂ ಬಳಸಿ ನೋಡಿದರೆಂದರೆ ಅದು ಸೋರಿದೆ ಎಂದೇ ಲೆಕ್ಕ. ಆಗ ಇಟ್ಟವರ ಇಮೇಲ್‌ಗೆ ಒಂದು ಸಂದೇಶ ಬರುತ್ತದೆ: ಯಾವ ದಿನ, ಎಷ್ಟು ಗಂಟೆಗೆ, ಯಾವ ಐಪಿ ವಿಳಾಸದಿಂದ ಆ ಕೀಯನ್ನು ತಿರುಗಿಸಿ ನೋಡಿದರು ಎಂದು.